ಇವತ್ತಿನ ಪಾಲಿನ ಪ್ರಾರ್ಥನೆ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಸಣ್ಣ ರೋಬಸ್ಟಾ ಕಾಫಿ ತೋಟ. ಚೆರಿ (ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣು) ಕಣದಲ್ಲಿದೆ, ಮೋಡ ಕಟ್ಟಿದೆ, ಮಾರ್ಚ್‌ಗೆ ಬ್ಯಾಂಕ್ ಕಂತು. ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಗುತ್ತದೆ. ಪ್ರಾರ್ಥನೆಗೆ ಕೂತರೂ ಅದೇ ಲೆಕ್ಕ. ನಾಳೆಯ ಚಿಂತೆ ಬೇಡ ಎಂದು ಯೇಸುಸ್ವಾಮಿ ಹೇಳಿದ್ದಾರೆ. ಹಾಗಂತ ಹವಾಮಾನ ನೋಡದೆ ಕೂರಲಾದೀತೇ?
– ಬೆಳೆಗಾರರೊಬ್ಬರು, ಸುಂಟಿಕೊಪ್ಪ

ಉತ್ತರ: ಹವಾಮಾನ ನೋಡಿ, ಟಾರ್ಪಾಲನ್ನೂ ತೆಗೆದಿಡಿ. ಮತ್ತಾಯ 6:34 ಬೇಡ ಅನ್ನುವುದು ಚಿಂತೆಯನ್ನು, ಮುಂದಾಲೋಚನೆಯನ್ನಲ್ಲ. ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನದ ವಿಷಯ ಬರುತ್ತದೆ: ದಿನಕ್ಕೆ ತಲೆಗೊಂದು ಓಮೆರ್ ಅಳತೆ. ಮಾತು ಕೇಳದೆ ಮರುದಿನಕ್ಕೆ ಉಳಿಸಿಕೊಂಡವರದು ಹುಳ ಬಿದ್ದು ನಾರಿತು. ಆದರೆ ವಿಶ್ರಾಂತಿಯ ಏಳನೇ ದಿನವಾದ ಸಬ್ಬತ್ತಿನ ಹಿಂದಿನ ದಿನ ಎರಡರಷ್ಟು ಕೂಡಿಸಿಕೊಳ್ಳಿ ಎಂದವನೂ ಅದೇ ದೇವರು, ಅದು ಕೆಡಲಿಲ್ಲ. ಟಾರ್ಪಾಲು ಆರನೇ ದಿನದ ಲೆಕ್ಕಕ್ಕೆ ಸೇರಿದ್ದು.

ಪ್ರಾರ್ಥನೆ ದಾರಿ ತಪ್ಪುವುದು ಹೆಚ್ಚಾಗಿ ಬಿನ್ನಹದಲ್ಲಿ. ಕೂತ ಕೂಡಲೇ ಸಾಲ, ರೇಟು, ಮಕ್ಕಳ ಫೀಸು ಒಟ್ಟಿಗೇ ನುಗ್ಗುತ್ತವೆ; ಬಾಯಿ ‘ಕರ್ತನೇ’ ಅನ್ನುತ್ತಿದ್ದರೂ ತಲೆ ಬಡ್ಡಿ ಹಾಕುತ್ತಿರುತ್ತದೆ. ಆದ್ದರಿಂದ ಬಿನ್ನಹ ಮೊದಲಿಗೆ ಬೇಡ. ಹತ್ತು ನಿಮಿಷ ಸಾಕು, ಮೊಬೈಲ್ ಬೇರೆ ಕೋಣೆಯಲ್ಲಿರಲಿ (ಕಾಫಿ ರೇಟು ನೋಡಿ ಪ್ರಾರ್ಥನೆಗೆ ಕೂತರೆ ಮುಗಿಯಿತು). ಐದನೇ ಕೀರ್ತನೆಯ ಮೊದಲ ಮೂರು ವಚನಗಳನ್ನು ಬಾಯಿಬಿಟ್ಟು ಓದಿ. ಮೂರನೆಯದು ಬೆಳಗಿನ ಹೊತ್ತಿಗೆಂದೇ ಇರುವಂಥದ್ದು. ಆಮೇಲೆ ಕರ್ತನ ಪ್ರಾರ್ಥನೆ (‘ಸ್ವರ್ಗದಲ್ಲಿರುವ ನಮ್ಮ ತಂದೆಯೇ’), ನಿಧಾನಕ್ಕೆ. ‘ಅನುದಿನದ ಆಹಾರ’ ಎಂಬಲ್ಲಿ ನಿಂತು, ಇವತ್ತು ಕತ್ತಲಾಗುವುದರೊಳಗೆ ಬೇಕಾದದ್ದನ್ನಷ್ಟೇ ಕೇಳಿ.

ಒಳ್ಳೆಯ ಬಿಸಿಲಿದ್ದರೂ ಚೆರಿ ಒಣಗಲು 12ರಿಂದ 15 ದಿನ ಬೇಕು. ಅಷ್ಟೂ ದಿನದ ಬಿಸಿಲನ್ನು ಇವತ್ತೇ ಬೇಡುವುದರಿಂದ ಎದೆ ಭಾರವಾಗುತ್ತದೆಯೇ ಹೊರತು ಬೇರೇನಿಲ್ಲ. ಇವತ್ತಿನ ಪಾಲು ಇಷ್ಟು: 8 ಸೆಂ.ಮೀ.ಗಿಂತ ದಪ್ಪ ಹರಡದಿರುವುದು, ಗಂಟೆಗೊಮ್ಮೆ ಕೆದಕಿ ತಿರುವುವುದು, ಸಂಜೆ ಗುಡ್ಡೆ ಮಾಡಿ ಮುಚ್ಚುವುದು. ಅದಕ್ಕೆ ಬೇಕಾದ ಆಳು, ಬಿಸಿಲು, ಮೈಯ ಕಸುವು ಕೇಳಿ. ಕಂತಿನ ವಿಷಯದಲ್ಲಿ ಇವತ್ತಿನ ಪಾಲು ಬ್ಯಾಂಕಿಗೊಂದು ಫೋನ್ ಇರಬಹುದು. ಏನೂ ಮಾಡಲಾಗದ ದಿನ ‘ಮಾರ್ಚ್ ನಿನ್ನ ಕೈಯಲ್ಲಿದೆ’ ಎಂದು ಒಂದೇ ಮಾತು ಹೇಳಿ ಬಿಡಿ. ವಿವರಿಸಲು ಹೋದರೆ ಲೆಕ್ಕ ಮತ್ತೆ ಶುರು.

ನಾಲ್ಕಕ್ಕೆ ಎಚ್ಚರವಾದರೆ ಹಾಸಿಗೆಯಲ್ಲೇ ಹೊರಳಾಡಬೇಡಿ. ಎದ್ದು ಕೂತು, ಕಾಡುತ್ತಿರುವುದನ್ನು ಚೀಟಿಯಲ್ಲಿ ಬರೆದು, ಯಾವ ದಿನ ಅದಕ್ಕೆ ಕೈಹಾಕಬಹುದೋ ಆ ತಾರೀಕನ್ನು ಎದುರಿಗೆ ಹಾಕಿಡಿ.

ಪ್ರಶ್ನೆ: ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಿದ್ದೇನೆ. ರಾತ್ರಿ ಜಪಸರ ಹಿಡಿದರೆ ಎರಡನೇ ಹತ್ತಕ್ಕೇ (ಹತ್ತು ಮಣಿಗಳ ಸುತ್ತು) ನಿದ್ದೆ. ದಿನವಿಡೀ ಸಿಡುಕಿದ್ದು ನೆನೆದು ಬೇಸರ ಬೇರೆ.
– ಗೃಹಿಣಿ, ವಿರಾಜಪೇಟೆ

ಉತ್ತರ: ರಾತ್ರಿಗೆ ಎಲ್ಲವನ್ನೂ ಉಳಿಸಿಕೊಂಡದ್ದೇ ತೊಂದರೆ. ಬೆಳಗ್ಗೆ, ಮಧ್ಯಾಹ್ನ, ಸಂಜೆಯ ತ್ರಿಕಾಲ ಪ್ರಾರ್ಥನೆಗೆ ತಲಾ ಎರಡು ಮೂರು ನಿಮಿಷ ಸಾಕು. ಅತ್ತೆಯ ಮಂಚದ ಪಕ್ಕದಲ್ಲೇ ಹೇಳಿದರೆ ಅವರೂ ದನಿಗೂಡಿಸಬಹುದು. ಜಪಸರದಲ್ಲಿ ಒಂದು ಹತ್ತು ಮಧ್ಯಾಹ್ನ ಅವರು ಮಲಗಿದಾಗ ಆಗಲಿ.

ರಾತ್ರಿಗೆ ಸಂತ ಇಗ್ನೇಷಿಯಸ್ ಲೊಯೋಲ ಹೇಳಿಕೊಟ್ಟ ಆತ್ಮಶೋಧನೆ ಇಟ್ಟುಕೊಳ್ಳಿ. ಊಟಕ್ಕೆ ಮುಂಚೆ, ಕುರ್ಚಿಯ ಮೇಲೆ ಕೂತು. ಹಾಸಿಗೆಗೆ ಹೋದಮೇಲೆ ಆಗುವುದಿಲ್ಲ. ಅದರ ಕ್ರಮ ಮುಖ್ಯ. ಮೊದಲು ಕೃತಜ್ಞತೆ, ಆಮೇಲೆ ತಪ್ಪು ಕಾಣುವ ಬೆಳಕಿಗಾಗಿ ಬೇಡಿಕೆ, ಎದ್ದಾಗಿನಿಂದ ಗಂಟೆ ಗಂಟೆಯಾಗಿ ದಿನವನ್ನು ನೋಡುವುದು, ಕ್ಷಮೆ ಕೇಳುವುದು, ತಿದ್ದಿಕೊಳ್ಳುವ ಸಂಕಲ್ಪ, ಕಡೆಗೆ ‘ಸ್ವರ್ಗದಲ್ಲಿರುವ ನಮ್ಮ ತಂದೆಯೇ’. ಹೆಚ್ಚಿನವರು ಮೊದಲ ಎರಡನ್ನು ಹಾರಿಸಿ ನೇರ ತಪ್ಪಿಗೆ ಇಳಿಯುತ್ತಾರೆ, ಪ್ರಾರ್ಥನೆ ತಮ್ಮ ಮೇಲಿನ ಆರೋಪಪಟ್ಟಿಯಾಗುತ್ತದೆ. ಸಂಕಲ್ಪವೂ ‘ಇನ್ನು ಸಿಡುಕುವುದಿಲ್ಲ’ ಎಂಬ ದೊಡ್ಡ ಮಾತು ಬೇಡ. ‘ನಾಳೆ ಮೈ ಒರೆಸುವಾಗ ಅವಸರಿಸುವುದಿಲ್ಲ’, ಅಷ್ಟು ಸಾಕು. ವಾರದಲ್ಲಿ ಅರ್ಧ ದಿನವಾದರೂ ಮನೆಯ ಇನ್ನೊಬ್ಬರು ಅತ್ತೆಯನ್ನು ನೋಡಿಕೊಳ್ಳಲಿ. ಪ್ರಾರ್ಥನೆ ನಿದ್ದೆಗೆ ಬದಲಿಯಲ್ಲ.

ಪ್ರಶ್ನೆ: ನನ್ನ ಯಜಮಾನರು ‘ಇವತ್ತೊಂದು ದಿನ ಕುಡಿಯಲ್ಲ’ ಎಂದು ದಿನಾ ಪ್ರಾರ್ಥಿಸಿ ಬಿಡಲು ನೋಡುತ್ತಿದ್ದಾರೆ. ಸರಿಯೇ?
– ಸಿದ್ದಾಪುರ

ಉತ್ತರ: ಸರಿಯೇ. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಕೂಟದವರು ಹಿಡಿದಿರುವುದೂ ಇದೇ ದಾರಿ. ಆದರೆ ದಿನವೂ ಜಾಸ್ತಿ ಕುಡಿಯುತ್ತಿದ್ದವರು ಏಕಾಏಕಿ ನಿಲ್ಲಿಸಿದರೆ ಕೈ ನಡುಕ, ಬೆವರು ಬರಬಹುದು, ಕೆಲವರಿಗೆ ಮೊದಲೆರಡು ದಿನದೊಳಗೇ ಫಿಟ್ಸ್ ಕೂಡ. ಆದ್ದರಿಂದ ಮೊದಲು ವೈದ್ಯರು. ಮದುವೆ, ಹಬ್ಬ ಬಂದಾಗ ‘ಇವತ್ತೊಂದು ದಿನ’ವೂ ಉದ್ದವಾಗುತ್ತದೆ. ಆಗ ಗಂಟೆಗೊಮ್ಮೆ ಪ್ರಾರ್ಥಿಸಲಿ; ಶಾಸ್ತ್ರ ಮುಗಿದ ಕೂಡಲೇ, ಗ್ಲಾಸು ಹೊರಬರುವ ಮುಂಚೆ ಇಬ್ಬರೂ ಹೊರಟುಬಿಡಿ.