ಗ್ಲೈಡರ್ ಮಾಡುತ್ತಿದ್ದ ಪಿಪಿಸ್ಟ್ರೆಲ್ ಕಂಪನಿಯ ಎಲೆಕ್ಟ್ರಿಕ್ ವಿಮಾನಕ್ಕೇ ಮೊದಲು ಮಾನ್ಯತೆ ಸಿಕ್ಕಿದ್ದು ಯಾಕೆ?
ಗ್ಲೈಡರ್, ಅಂದರೆ ಎಂಜಿನ್ ಇಲ್ಲದೆಯೂ ಗಾಳಿಯಲ್ಲಿ ತೇಲಬಲ್ಲ ವಿಮಾನ, ಮಾಡುತ್ತಿದ್ದರು ಅನ್ನೋದೇ ಕಾರಣ. ಬ್ಯಾಟರಿಯ ದೊಡ್ಡ ತೊಂದರೆ ಅದರ ತೂಕ. ಒಂದು ಕಿಲೋ ಪೆಟ್ರೋಲ್‌ನಲ್ಲಿರುವ ಶಕ್ತಿ ಅಷ್ಟೇ ತೂಕದ ಬ್ಯಾಟರಿಗಿಂತ ಹತ್ತಾರು ಪಟ್ಟು ಜಾಸ್ತಿ. ಹಾಗಾಗಿ ಕಡಿಮೆ ಶಕ್ತಿಯಲ್ಲಿ ಹಾರುವ ವಿಮಾನವೇ ಬೇಕು, ಅಲ್ವಾ?

ಇವೊ ಬೊಸ್ಕರೋಲ್ 1989ರಲ್ಲಿ, ಆಗ ಯುಗೊಸ್ಲಾವಿಯಾದಲ್ಲಿದ್ದ ಸ್ಲೊವೇನಿಯಾದಲ್ಲಿ, ಈ ಕಂಪನಿ ಶುರು ಮಾಡಿದರು. ಮೊದಲು ಮಾಡಿದ್ದು ಮೋಟಾರು ಕಟ್ಟಿದ ಹ್ಯಾಂಗ್ ಗ್ಲೈಡರ್‌ಗಳು. ಆಮೇಲೆ ಸೈನಸ್, ಟಾರಸ್ ಅನ್ನೋ ವಿಮಾನಗಳು ಬಂದವು. ಟಾರಸ್ ಇಬ್ಬರು ಕೂರುವ ಗ್ಲೈಡರ್. ಎಂಜಿನ್ ಇಲ್ಲದೆಯೇ ಒಂದು ಕಿಲೋಮೀಟರ್ ಎತ್ತರದಿಂದ ಸುಮಾರು 40 ಕಿಲೋಮೀಟರ್ ತೇಲಿಕೊಂಡು ಹೋಗುತ್ತದೆ! ಪೈಲಟ್ ಬೆನ್ನ ಹಿಂದಿನಿಂದ ಪ್ರೊಪೆಲರ್ ಕಂಬ ಮೇಲೆದ್ದು ವಿಮಾನವನ್ನು ಎತ್ತರಕ್ಕೆ ಒಯ್ಯುತ್ತದೆ, ಕೆಲಸ ಮುಗಿದ ಮೇಲೆ ಮಡಚಿ ಒಳಗೆ ಸೇರುತ್ತದೆ. ಮೋಟಾರು ಬೇಕಿರೋದು ಅಷ್ಟು ಹೊತ್ತು ಮಾತ್ರ, ಅದಕ್ಕೆ ಸಣ್ಣ ಬ್ಯಾಟರಿ ಸಾಕು. 2007ರಲ್ಲಿ ಎಲೆಕ್ಟ್ರಿಕ್ ಟಾರಸ್ ಹಾರಿದ್ದು ಹೀಗೆ.

ಅದೇ ಅನುಭವದಿಂದ ಬಂದ ವೆಲಿಸ್ ಎಲೆಕ್ಟ್ರೋಗೆ 2020ರಲ್ಲಿ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಮಾನ್ಯತೆ ಕೊಟ್ಟಿತು. ಪೂರ್ತಿ ಎಲೆಕ್ಟ್ರಿಕ್ ವಿಮಾನವೊಂದಕ್ಕೆ ಅಂಥ ಮಾನ್ಯತೆ ಸಿಕ್ಕಿದ್ದು ಅದೇ ಮೊದಲು. ಹಾರಾಟ ಹೆಚ್ಚೆಂದರೆ 50 ನಿಮಿಷ. ಊರಿಂದೂರಿಗೆ ಹೋಗೋಕೆ ಸಾಲದು, ಪೈಲಟ್ ತರಬೇತಿಗೆ ಧಾರಾಳ.

ಅಂದಹಾಗೆ, ನಮ್ಮ ಎನ್‌ಸಿಸಿಯ ವೈರಸ್ ಎಸ್‌ಡಬ್ಲ್ಯೂ 80 ಅನ್ನೋ ವಿಮಾನ ಕೂಡ ಇವರದ್ದೇ. ಆದರೆ ಅದು ಪೆಟ್ರೋಲ್‌ದು.