ಬರಹಗಾರರಿಗೆ ಸಲಹೆ: ಆ ಬಿಸಿ ಕೇಬಲ್ಲಿನ ಬಗ್ಗೆ ಬರೆಯಿರಿ

ಪ್ರಿಯ ಮಿತ್ರರೇ,

ಕೊಡಚಾದ್ರಿಗೆ ಹೊರಟಾಗ ನಿಮ್ಮ ಹಳೆ ಮಹೀಂದ್ರ ಡೀಸೆಲ್ ಜೀಪು ಕೈಕೊಟ್ಟ ಲೇಖನ ತಲುಪಿತು. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸಿಲ್ಲ. ಇದರೊಳಗೆ ಒಂದು ಒಳ್ಳೆಯ ಬರಹ ಇದೆ. ನೀವು ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ.

ಮೊದಲ ಎರಡು ಪುಟ ತೆಗೆದುಬಿಡಿ. ಎರಡನೇ ಮಹಾಯುದ್ಧ, ವಿಲ್ಲಿಸ್ ಜೀಪು, ಅದು ನಮ್ಮ ದೇಶಕ್ಕೆ ಬಂದ ಕತೆ, ಇದೆಲ್ಲ ಓದುಗರಿಗೆ ಬೇರೆ ಕಡೆ ಸಿಗುತ್ತದೆ. ನಿಮ್ಮ ಬರಹ ಶುರುವಾಗುವುದು ಕೊಲ್ಲೂರಿನಲ್ಲಿ. ಧೋ ಎಂದು ಮಳೆ, ಕೀ ತಿರುಗಿಸಿದರೆ ಸೆಲ್ಫ್ (ಎಂಜಿನ್ ಸ್ಟಾರ್ಟ್ ಮಾಡುವ ಮೋಟಾರು) ‘ಟಕ್’ ಎಂದಷ್ಟೇ ಸದ್ದು ಮಾಡಿತು, ಡ್ಯಾಶ್‌ಬೋರ್ಡಿನ ದೀಪ ಮಂಕಾಯಿತು. ಅಲ್ಲಿಂದಲೇ ಹೊರಡಿ.

ಆಮೇಲೆ ನೀವು ಬರೆದಿರುವುದು ಇಷ್ಟು: “ಬ್ಯಾಟರಿ ಬದಲಿಸಿದೆವು, ಉಪಯೋಗವಾಗಲಿಲ್ಲ. ಸೆಲ್ಫ್ ಬಿಚ್ಚಿಸಿ ರಿಪೇರಿ ಮಾಡಿಸಿದೆವು. ಆಕ್ಸಿಲರೇಟರ್ ಕೇಬಲ್ ಮುಟ್ಟಿದರೆ ಬಿಸಿಯಾಗಿತ್ತು. ಕೊನೆಗೆ ಮೆಕ್ಯಾನಿಕ್ ಒಬ್ಬರು ಅರ್ಥಿಂಗ್ ಪಟ್ಟಿ ಬದಲಿಸಿ ಸರಿಮಾಡಿದರು.”

ಮೂರನೇ ವಾಕ್ಯವನ್ನು ಇನ್ನೊಮ್ಮೆ ಓದಿ. ಎಂಜಿನ್ ಇನ್ನೂ ಸ್ಟಾರ್ಟೇ ಆಗಿಲ್ಲ. ಹಾಗಿದ್ದಮೇಲೆ ಆಕ್ಸಿಲರೇಟರ್ ಪೆಡಲಿನಿಂದ ಎಂಜಿನ್ನಿಗೆ ಹೋಗುವ ಆ ಕೇಬಲ್ ಬಿಸಿಯಾಗಿದ್ದು ಹೇಗೆ? ಓದುಗ ಅಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಾನೆ. ನೀವು ನಿಲ್ಲಲೇ ಇಲ್ಲ.

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಎಂಜಿನ್ನಿಗೂ ಚಾಸಿಗೂ (ಜೀಪಿನ ಲೋಹದ ಚೌಕಟ್ಟು) ನಡುವೆ ಹೆಣೆದ ತಾಮ್ರದ ಪಟ್ಟಿ ಹಾಕಿರುತ್ತಾರೆ. ಅರ್ಥಿಂಗ್ ಪಟ್ಟಿ ಎಂದರೆ ಇದೇ. ಸೆಲ್ಫ್ ತಿರುಗುವಾಗ ನೂರಕ್ಕೂ ಜಾಸ್ತಿ ಆಂಪಿಯರ್ ಎಳೆಯುತ್ತದೆ. ಅಷ್ಟೂ ಕರೆಂಟ್ ಆ ಪಟ್ಟಿಯ ಮೂಲಕವೇ ಬ್ಯಾಟರಿಗೆ ವಾಪಸ್ ಹೋಗಬೇಕು. ಪಟ್ಟಿ ಕೆಟ್ಟರೆ ಅದು ಬೇರೆ ದಾರಿ ಹುಡುಕುತ್ತದೆ. ಎಂಜಿನ್ನನ್ನೂ ಬಾಡಿಯನ್ನೂ ಮುಟ್ಟುವ ಇನ್ನೊಂದು ಲೋಹ ನಿಮ್ಮ ಆಕ್ಸಿಲರೇಟರ್ ಕೇಬಲ್. ಅಷ್ಟು ಸಣ್ಣ ತಂತಿಗೆ ಅಷ್ಟು ಕರೆಂಟ್ ತಾಳಲು ಆಗುತ್ತದಾ? ಬಿಸಿಯಾಯಿತು. ನೀವು ಬ್ಯಾಟರಿ, ಸೆಲ್ಫ್ ಎರಡಕ್ಕೂ ದುಡ್ಡು ಸುರಿದಿರಿ, ಜೀಪು ತನ್ನ ಕಾಯಿಲೆ ಏನೆಂದು ಆ ಬಿಸಿಯಲ್ಲೇ ತೋರಿಸಿತ್ತು. ಲೇಖನ ಅಂದರೆ ಇದೇ. ಆ ಬಿಸಿ ಗಮನಕ್ಕೆ ಬಂದದ್ದು ಯಾರಿಗೆ, ಯಾವಾಗ? ಆಗ ಏನು ಅಂದುಕೊಂಡಿರಿ? ಇದಕ್ಕೆ ಒಂದು ಪುಟ ಕೊಡಿ.

“ಬ್ಯಾಟರಿ ಚೆನ್ನಾಗಿತ್ತು” ಎಂದಿದ್ದೀರಿ. ಹೇಗೆ ಗೊತ್ತಾಯಿತು? ವೋಲ್ಟ್ ಅಳೆಯುವ ಮಲ್ಟಿಮೀಟರ್ ಇಟ್ಟು ನೋಡಿದ್ದರೆ ಅಂಕಿ ಬರೆಯಿರಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸುತ್ತದೆ. ಆದರೆ ಸೆಲ್ಫ್ ಹೊಡೆಯುವಾಗ ಎಷ್ಟಕ್ಕೆ ಇಳಿಯುತ್ತದೆ ಎಂಬುದೂ ಮುಖ್ಯ, ಅಲ್ವಾ? ಅರ್ಥಿಂಗ್ ನೋಡಲು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಟರ್ಮಿನಲ್‌ಗೆ, ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಒತ್ತಿ ಹಿಡಿಯಬೇಕು. ಯಾರಾದರೂ ಸೆಲ್ಫ್ ಹೊಡೆಯಲಿ. ಮೀಟರ್ ಕಾಲು ವೋಲ್ಟಿನೊಳಗೆ ತೋರಿಸಿದರೆ ಚಿಂತೆ ಇಲ್ಲ. ಒಂದು ವೋಲ್ಟ್ ದಾಟಿದರೆ ಕರೆಂಟ್ ವಾಪಸ್ ಹೋಗುವ ದಾರಿಯಲ್ಲಿ ಎಲ್ಲೋ ತೊಂದರೆ ಇದೆ. ನಿಮ್ಮ ಮೆಕ್ಯಾನಿಕ್ ಹೀಗೇ ಮಾಡಿದರೋ, ಕೇಬಲ್ ಮುಟ್ಟಿಯೇ ಹೇಳಿದರೋ? ಅವರ ಕೈ ಏನು ಮಾಡಿತು ಎಂದು ಬರೆಯಿರಿ. “ಅನುಭವಿ ಮೆಕ್ಯಾನಿಕ್” ಎಂದರೆ ಓದುಗನಿಗೆ ಏನೂ ಕಾಣುವುದಿಲ್ಲ.

ಮಲ್ಪೆಯಲ್ಲಿ ಸಮುದ್ರದ ಹತ್ತಿರ ಮನೆ, ಜೀಪು ಹೊರಗೇ ನಿಲ್ಲುತ್ತದೆ ಎಂಬ ಮಾತು ಕೊನೆಯ ಪುಟದಲ್ಲಿ ಬರುತ್ತದೆ. ಅದನ್ನು ಮೇಲೆ ತನ್ನಿ. ಕಾರಣ ಇರುವುದೇ ಅಲ್ಲಿ. ಉಪ್ಪುಗಾಳಿ ಬೋಲ್ಟಿನ ಅಡಿಗೆ ನುಗ್ಗಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿಸುತ್ತದೆ. ಮೇಲಿನಿಂದ ನೋಡಿದರೆ ಪಟ್ಟಿ ಗಟ್ಟಿಯಾಗಿಯೇ ಕೂತಿರುತ್ತದೆ, ಬಿಚ್ಚಿದರೆ ಮಾತ್ರ ಗೊತ್ತಾಗುತ್ತದೆ. ನೀವು ಬಿಚ್ಚಿದಾಗ ಏನು ಕಂಡಿತು?

ಒಂದು ಕಡೆ ನನಗೆ ನಂಬಿಕೆ ಬರಲಿಲ್ಲ. ಘಾಟಿಯಲ್ಲಿ ವೈರ್ ಶಾರ್ಟ್ ಆಗಿ ದೀಪ ಹೋಯಿತು, ತಕ್ಷಣ ಎಂಜಿನ್ನೂ ನಿಂತಿತು ಎನ್ನುತ್ತೀರಿ. ಹಳೆ ಡೀಸೆಲ್ ಎಂಜಿನ್ ಒಮ್ಮೆ ಸ್ಟಾರ್ಟ್ ಆದರೆ ಸಾಕು, ಓಡುತ್ತಿರಲು ಅದಕ್ಕೆ ಕರೆಂಟ್ ಬೇಡ. ಪಂಪಿಗೆ ಡೀಸೆಲ್ ನಿಲ್ಲಿಸುವ ಸೊಲೆನಾಯ್ಡ್ (ಕರೆಂಟಿನಿಂದ ನಡೆಯುವ ಸ್ವಿಚ್ಚಿನಂಥ ಭಾಗ) ಇದ್ದರೆ ಬೇರೆ ಮಾತು. ನಿಮ್ಮದರಲ್ಲಿ ಎಳೆದು ನಿಲ್ಲಿಸುವ ನಾಬ್ ಇದೆ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಎಂಜಿನ್ ನಿಂತದ್ದು ಬೇರೆ ಕಾರಣಕ್ಕೆ. ಕತ್ತಲಲ್ಲಿ ಗಾಬರಿಯಾಗಿ ಕ್ಲಚ್ ಒತ್ತದೆ ಬ್ರೇಕ್ ಹಾಕಿದಿರಾ? ಹಾಗಾಗಿದ್ದರೆ ಹಾಗೇ ಬರೆಯಿರಿ. ಈ ಜೀಪುಗಳನ್ನು ಬಲ್ಲವರು ನಮ್ಮ ಓದುಗರಲ್ಲಿ ಬಹಳ ಜನ ಇದ್ದಾರೆ. ಇಲ್ಲಿ ಎಡವಿದರೆ ಉಳಿದದ್ದನ್ನೂ ನಂಬುವುದಿಲ್ಲ.

ಫ್ಯೂಸ್ ಜಾಗಕ್ಕೆ ದಪ್ಪ ತಾಮ್ರದ ತಂತಿ ಸುತ್ತಿ ಊರು ಸೇರಿದ ಭಾಗವನ್ನು ಮಾತ್ರ ಉಪಾಯ ಎಂಬಂತೆ ಹಾಕಲು ನಾನು ಒಪ್ಪುವುದಿಲ್ಲ. ಫ್ಯೂಸ್ ಸುಡುವುದು ವೈರ್ ಸುಡದಿರಲಿ ಎಂದು. 100 ವಾಟಿನ ಎರಡು ಹೆಡ್‌ಲೈಟ್ ಬಲ್ಬುಗಳು ಸುಮಾರು 17 ಆಂಪಿಯರ್ ಎಳೆಯುತ್ತವೆ. ಅದನ್ನು ರಿಲೇ (ಹೆಚ್ಚಿನ ಕರೆಂಟನ್ನು ಸ್ವಿಚ್ಚಿನ ಬದಲು ತಾನೇ ಹಾಯಿಸುವ ಭಾಗ) ಇಲ್ಲದೆ ಹಳೆ ಸ್ವಿಚ್ಚಿನ ಮೂಲಕವೇ ಹಾಯಿಸುತ್ತಿದ್ದಿರಿ. ತಂತಿ ಸುತ್ತಿದ ಮೇಲೆ ಜೀಪಿಗೆ ಬೆಂಕಿ ಹತ್ತಬಹುದಿತ್ತು. ಮಾಡಿದ್ದನ್ನು ಬರೆಯಿರಿ, ಅಪಾಯವನ್ನೂ ಅಲ್ಲೇ ಬರೆಯಿರಿ.

ಕೊನೆಯಲ್ಲಿ ತಾಳ್ಮೆ ಮತ್ತು ಬದುಕಿನ ಬಗ್ಗೆ ಇರುವ ಪ್ಯಾರಾ ಬೇಡ. ಸೆಲ್ಫ್ ತಿರುಗಿ ಎಂಜಿನ್ ಹತ್ತಿದಲ್ಲಿಗೆ ನಿಲ್ಲಿಸಿ.

ತಿದ್ದಿ ಕಳಿಸಿ, ನಾನೇ ಓದುತ್ತೇನೆ. ಹಳೆ ಪಟ್ಟಿ ಎಸೆದಿಲ್ಲವಾದರೆ ಕಿಲುಬು ಹಿಡಿದ ತುದಿಯ ಫೋಟೋ ಜೊತೆಗಿರಲಿ.

ಇಂತಿ,
ಸಂಪಾದಕ
ಉಡುಪಿ