ಬೆನ್ನಿಗೆ ಟ್ಯೂಬ್ ಬೇಡ ಅಂದ್ರೆ ಕಾಲು ಬೇಡ್ವಾ?

ಪ್ರಶ್ನೆ: ಅಪ್ಪನಿಗೆ 64. ಎದೆಯಿಂದ ಹೊಟ್ಟೆವರೆಗೂ ಮಹಾಪಧಮನಿ, ಅಂದ್ರೆ ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ, ಊದ್ಕೊಂಡಿದೆ, ಓಪನ್ ಸರ್ಜರಿ ಅಂತೆ. ಬೆನ್ನಿಗೆ ಟ್ಯೂಬ್ ಹಾಕಿ ನೀರು ತೆಗೀತಾರಂತೆ. ಜೀವನಪೂರ್ತಿ ಬೆನ್ನುನೋವು ಬರುತ್ತೆ ಅಂತಾರೆ, ಬೇಡ ಅನ್ಬಹುದಾ?

ಉತ್ತರ: ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದಕ್ಕೆ ಅತ್ತಿಗೆಗೆ ಬೆನ್ನುನೋವು ಬಂತು ಅಂತ ಅದನ್ನ ತಂದು ಇಲ್ಲಿಗೆ ಗಂಟು ಹಾಕೋರು ಪ್ರತಿ ತಿಂಗಳು ಸಿಗ್ತಾರೆ, ಸಾಕಾಗಿದೆ. ಕಾಲಾಡಿಸೋ ಬೆನ್ನುಹುರಿಗೆ ರಕ್ತ ಬರೋದೇ ಮಹಾಪಧಮನಿಯ ಸಣ್ಣ ಕವಲುಗಳಿಂದ, ಅದರಲ್ಲಿ ದೊಡ್ಡದು ಆಡಮ್‌ಕೀವಿಜ್ ಅಪಧಮನಿ, ಸಾಮಾನ್ಯವಾಗಿ ಎಡಗಡೆ, ಎದೆಯ ಕೆಳಭಾಗದಲ್ಲಿ. ಸರ್ಜನ್ ಮಹಾಪಧಮನಿಗೆ ರಕ್ತ ತಡೆಯೋ ಕ್ಲ್ಯಾಂಪ್ ಹಾಕಿದ ತಕ್ಷಣ ಅಲ್ಲಿ ಹರಿವು ಕುಸಿಯುತ್ತೆ, ಹುರಿ ಊದ್ಕೊಳುತ್ತೆ, ಸುತ್ತಲಿನ ನೀರು ಅದನ್ನೇ ಹಿಂಡುತ್ತೆ. ಲೆಕ್ಕ ಇಷ್ಟೇ, ಸರಾಸರಿ ಬಿಪಿ 80 ಇದ್ದು ನೀರಿನ ಒತ್ತಡ 20 ಆದ್ರೆ ಹುರಿಗೆ ದಕ್ಕೋದು 60, ಟ್ಯೂಬಿಂದ ನೀರು ತೆಗೆದು ಅದನ್ನ 10ಕ್ಕೆ ಇಳಿಸಿದ್ರೆ 70. ಅಮೆರಿಕದ ಹ್ಯೂಸ್ಟನ್‌ನ ಸರ್ಜನ್ ಕೊಸೆಲ್ಲಿ ತಂಡ 2002ರಲ್ಲಿ ಇದೇ ಆಪರೇಷನ್ ಆದ 145 ಜನರ ಮೇಲೆ ನೋಡಿದ್ದು, ಟ್ಯೂಬ್ ಇಲ್ಲದೋರಲ್ಲಿ ನೂರಕ್ಕೆ 13 ಜನಕ್ಕೆ ಕಾಲಿನ ಶಕ್ತಿ ಹೋಯ್ತು, ಇದ್ದೋರಲ್ಲಿ 2.6.

ಟ್ಯೂಬ್‌ಗೂ ಅಪಾಯ ಇದೆ, ಸುಳ್ಳು ಹೇಳಲ್ಲ. ನೀರು ಜಾಸ್ತಿ ಹರಿದ್ರೆ ತಲೆಯೊಳಗೆ ರಕ್ತಸ್ರಾವ ಆಗ್ಬಹುದು, ಗಂಟೆಗೆ 10 ಎಂಎಲ್ ದಾಟಿದ್ರೆ ನಾನಂತೂ ಐಸಿಯು ಬಿಟ್ಟು ಕದಲಲ್ಲ. ಒಂದ್ಸಲ ಕಾಫಿ ಕುಡಿಸೋಕೆ ಅಂತ ಮಗ ಮಂಚದ ತಲೆ ಭಾಗ ಎತ್ತಿದ, ನೀರು ಇಳಿಯೋ ಡಬ್ಬಿ ಇದ್ದಲ್ಲೇ ಕೆಳಗೆ ಉಳೀತು, ನಾನು ನೋಡೋ ಹೊತ್ತಿಗೆ ಹನಿ ಹನಿ ಬೀಳ್ತಿದ್ದದ್ದು ಧಾರೆ ಆಗಿತ್ತು. ಮಂಚ ಮುಟ್ಟಬೇಡಿ, ನರ್ಸನ್ನ ಕರೀರಿ.

ಇನ್ನೊಂದು, ಆಪರೇಷನ್ ಆಗಿ ಎದ್ದು ಕಾಲಾಡಿಸಿದೋರಿಗೂ ಎರಡು ಮೂರು ದಿನ ಬಿಟ್ಟು ಕಾಲು ಸೋಲಬಹುದು, ಎಷ್ಟೋ ಸಲ ಬಿಪಿ ಇಳಿದಾಗಲೇ. ಅದಕ್ಕೇ ನಾವು ಬಿಪಿ ಬೇಕಂತಲೇ ಮೇಲಿಟ್ಟು ಗಂಟೆಗೊಂದ್ಸಲ ಕಾಲೆತ್ತಿಸೋದು. ಮಾನಿಟರ್ ನೋಡಿ ಗಾಬರಿಯಾಗಿ ಮನೆಯಿಂದ ತಂದ ಬಿಪಿ ಮಾತ್ರೆ ನುಂಗಿಸಿದ್ರೆ ಎಲ್ಲಾ ಹಾಳು. ಕಾಲು ಜೋಮು ಅಂದ್ರೆ ಬೆಳಗ್ಗೆವರೆಗೂ ಕಾಯ್ಬೇಡಿ, ಅದೇ ನಿಮಿಷ ಹೇಳಿ. ಆಗಲೇ ಬಿಪಿ ಏರಿಸಿ ನೀರು ತೆಗೆದ್ರೆ ಕೆಲವ್ರ ಕಾಲು ವಾಪಸ್ ಬರುತ್ತೆ.

ಪ್ರಶ್ನೆ: ಸ್ಟೆಂಟ್ ಹಾಕಿದ್ರೆ ಈ ಭಯ ಇಲ್ವಲ್ಲ?

ಉತ್ತರ: ಇದೆ. ಸ್ಟೆಂಟೂ ಅದೇ ಕವಲುಗಳ ಬಾಯಿ ಮುಚ್ಚುತ್ತೆ.

ಪ್ರಶ್ನೆ: ಮಾವನಿಗೆ ಕಿಡ್ನಿಗಿಂತ ಕೆಳಗೆ ಮಾತ್ರ ಊದಿದೆ, ಟ್ಯೂಬ್ ಬೇಕಾ?

ಉತ್ತರ: ಸಾಮಾನ್ಯವಾಗಿ ಬೇಡ.

ಪ್ರಶ್ನೆ: ಹೊಟ್ಟೆ ಡಬಡಬ ಬಡೀತಿದೆ, ಬಟ್ಟಿ ಜಾರಿದೆ ಅಂತ ತಿಕ್ಕಿಸ್ತಿದೀವಿ.

ಉತ್ತರ: ಇವತ್ತೇ ನಿಲ್ಸಿ, ಅದು ಊದಿದ ಮಹಾಪಧಮನಿಯೇ ಇರ್ಬಹುದು, ಸ್ಕ್ಯಾನ್ ಮಾಡ್ಸಿ.